ಚುಕ್ಕೆ ಅಳಿಸಿದ ಪ್ರಶ್ನೆ

“ಇನ್ನೊಂದು ಮೊಳ ಎತ್ರೋ! ಫೋಟೋ ಜನಕ್ಕೆ ಕಾಣ್ಬೇಕಾ ಬೇಡ್ವಾ?”

ತೆರೆದ ವಾಹನದ ಮೇಲೆ ನಿಂತಿದ್ದ ಇಬ್ಬರು ಹೂವಿನ ಕಮಾನನ್ನು ಇನ್ನೊಂದು ಮೊಳ ಎತ್ತಿ ಹಗ್ಗ ಬಿಗಿದರು. ಕಮಾನಿನ ನಡುವೆ ಶಾಸಕರ ಫೋಟೋ. ಸದನದಲ್ಲಿ ಎದ್ದು ನಿಂತು, ತೋರುಬೆರಳೆತ್ತಿ ಸರ್ಕಾರವನ್ನು ಕೇಳುತ್ತಿರುವ ಭಂಗಿ. ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಅದೇ ಬೆರಳು ಹೊಟ್ಟೆಯ ಮೇಲೆ ತಣ್ಣಗೆ ಮಲಗಿತ್ತು.

ಗೇಟಿನ ಪಕ್ಕ ನಿಂತಿದ್ದ ಟೈಪಿಸ್ಟ್ ಕಣ್ಣಲ್ಲೇ ಕಮಾನಿನ ಎತ್ತರ ಅಳೆದ. ಇಪ್ಪತ್ತಾರು ವರ್ಷ ಸಾಹೇಬರ ಪ್ರಶ್ನೆಗಳನ್ನೆಲ್ಲ ಟೈಪು ಮಾಡಿದವನು ಅವನು. ಮೆರವಣಿಗೆ ಸೇತುವೆ ದಾಟಿ ಇಳಿಯುವ ಬೀದಿಯಲ್ಲಿ ಕರೆಂಟಿನ ತಂತಿ ಎಷ್ಟು ಕೆಳಗೆ ಜೋತುಬಿದ್ದಿದೆ ಎಂಬುದು ಅವನಿಗೆ ಗೊತ್ತಿತ್ತು.

“ಎತ್ತರ ಜಾಸ್ತಿ ಆಯ್ತೇನೋ,” ಎಂದ.

ಯಾರಿಗೂ ಕೇಳಿಸಲಿಲ್ಲ. ಕೇಳಿಸುವ ಹಾಗೆ ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಅಂಗಳದಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಕೂತವರ ಮಾತು ಜೋರಾಗಿತ್ತು.

“ಚುಕ್ಕಿ ಸಾಹೇಬ್ರು ಅಂದ್ರೆ ಚುಕ್ಕಿ ಸಾಹೇಬ್ರೇ ಬಿಡಿ,” ಎಂದ ಒಬ್ಬ ನಿವೃತ್ತ ಕಂಡಕ್ಟರ್. “ನಮ್ಮ ಡಿಪೋದಲ್ಲಿ ಬ್ರೇಕ್ ಸರಿ ಇಲ್ದಿರೋ ಬಸ್ ಎಷ್ಟು ಅಂತ ಕೇಳಿದ್ರು. ಮಂತ್ರಿ ‘ಒಂದೂ ಇಲ್ಲ’ ಅಂದ. ಇವ್ರು, ‘ಹಾಗಿದ್ರೆ ನಾಳೆ ಅದೇ ಬಸ್ಸಲ್ಲಿ ಇಳಿಜಾರಲ್ಲಿ ಬನ್ನಿ ಸ್ವಾಮಿ, ಕೆಳಗಡೆ ಹಾರ ಹಿಡ್ಕೊಂಡು ನಾನೇ ನಿಂತಿರ್ತೀನಿ’ ಅಂದ್ರು!”

ಸಾವಿನ ಮನೆ ಎಂಬುದನ್ನು ಮರೆತು ನಾಲ್ಕೈದು ಜನ ನಕ್ಕರು. ನೆನಪಾಗಿ ಬಾಯಿ ಮುಚ್ಚಿಕೊಂಡರು.

“ಬಸ್ಸಿನ ಮಾತು ಬಿಡಿ, ಆ ಸೇತುವೆ ಒಂದು ಸಾಕಲ್ವಾ?” ಎಂದಳು ಪಕ್ಕದ ಮನೆಯ ಮುದುಕಿ. “ನನ್ನ ಸೊಸೆಗೆ ನೋವು ಬಂತು, ಹತ್ತು ನಿಮಿಷಕ್ಕೆ ಆಸ್ಪತ್ರೆ. ಮುಂಚಿನ ಹಾಗೆ ರೈಲ್ವೆ ಗೇಟ್ ಹಾಕಿದ್ರೆ ಹಳಿ ಪಕ್ಕದಲ್ಲೇ ಹೆರಬೇಕಿತ್ತು.”

ಟೈಪಿಸ್ಟ್ ತಲೆ ತಗ್ಗಿಸಿದ. ಮುದುಕಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಸಾರ್.”

ಲೈನ್‌ಮನ್ನನ ಹೆಂಡತಿ. ಸೇತುವೆಯಾಚೆಯ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು. ಅಂಗಡಿ ಮುಚ್ಚಿ, ತಾನೇ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು ಬಂದಿದ್ದಳು. ಸೆರಗಿನ ಮರೆಯಿಂದ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ ತೆಗೆದಳು.

“ಇದನ್ನ ಸಾಹೇಬ್ರ ಎದೆ ಮೇಲೆ ಇಡಬಹುದಾ ಸಾರ್? ನಮ್ಮ ಯಜಮಾನ್ರು ಸಾಯೋವರೆಗೂ ಅಂಗಿ ಜೇಬಲ್ಲೇ ಇಟ್ಕೊಂಡಿದ್ರು. ಅಷ್ಟು ದೊಡ್ಡ ಸದನದಲ್ಲಿ ನಮ್ಮ ಬೀದಿ ಹೆಸರು ಹೇಳಿದ ಪುಣ್ಯಾತ್ಮ ಅವ್ರೊಬ್ರೇ ಅಂತಿದ್ರು.”

ಹಾಳೆಯನ್ನು ಓದುವ ಅಗತ್ಯವಿರಲಿಲ್ಲ. ‘ಚುಕ್ಕೆ ರಹಿತ ಪ್ರಶ್ನೆ’ ಎಂಬ ತಲೆಬರಹ. ಕೆಳಗೆ ಉತ್ತರ: ‘ವಿಷಯವು ಸರ್ಕಾರದ ಪರಿಶೀಲನೆಯಲ್ಲಿದೆ.’

“ಹನ್ನೊಂದು ವರ್ಷದಿಂದ ಕೇಳ್ಬೇಕು ಅಂತಿದ್ದೆ. ಈ ಚುಕ್ಕೆ ರಹಿತ ಅಂದ್ರೇನು ಸಾರ್?”

“ಅದು… ಕಚೇರಿಯವ್ರು ಹಾಕೋ ಗುರುತು ತಾಯಿ. ಕೊಡಿ, ನಾನೇ ಇಡ್ತೀನಿ.”

ಹಾಳೆಯನ್ನು ತೆಗೆದುಕೊಂಡು, ಅವಳು ಅತ್ತ ತಿರುಗಿದ ಮೇಲೆ ತನ್ನ ಚೀಲದೊಳಗೆ ತುರುಕಿಕೊಂಡ.

*

ಸದನಕ್ಕೆ ಹೋಗುವ ಪ್ರಶ್ನೆಗಳಲ್ಲಿ ಎರಡು ಜಾತಿ. ನೆತ್ತಿಯ ಮೇಲೆ ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಿಬಿಟ್ಟು ಉತ್ತರಿಸಬೇಕು. ಕೇಳಿದವರು ಉಪಪ್ರಶ್ನೆಗಳ ಮೇಲೆ ಉಪಪ್ರಶ್ನೆ ಹಾಕಿ ಬೆವರಿಳಿಸಬಹುದು. ಚುಕ್ಕೆ ಇಲ್ಲವಾದರೆ ಒಂದು ಹಾಳೆ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಟೈಪ್‌ರೈಟರಿನಲ್ಲಿ ಚುಕ್ಕೆಯ ಕೀಲಿ ಯಾವತ್ತೋ ಮುರಿದಿತ್ತು. ಹಾಗಾಗಿ ಸಾಹೇಬರು ಪ್ರತಿ ಪ್ರಶ್ನೆಗೂ ಕೆಂಪು ಪೆನ್ಸಿಲ್ಲಿನಲ್ಲಿ ಚುಕ್ಕೆಯನ್ನು ಕೈಯಾರೆ ಬರೆಯುತ್ತಿದ್ದರು.

ಲೈನ್‌ಮನ್ ಹನ್ನೊಂದು ವರ್ಷದ ಹಿಂದೆ ಸಾಹೇಬರ ಬಳಿ ಬಂದ ದಿನ ಕೂರು ಎಂದರೂ ಕೂರಲಿಲ್ಲ. ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡು ನಿಂತೇ ಹೇಳಿದ್ದ.

“ಎರಡು ಕಂಬದ ಮಧ್ಯೆ ದೂರ ಜಾಸ್ತಿ ಸಾರ್, ತಂತಿ ಜೋತುಬಿದ್ದಿದೆ. ನಡುವೆ ಒಂದು ಕಂಬ ಬೇಕು. ಒಂದೇ ಒಂದು. ಮೂರು ಸಲ ಬರೆದು ಕೊಟ್ಟೆ. ಕಂಬ ಆಗಲೇ ನೆಟ್ಟಾಗಿದೆ ಅಂತಾರೆ.”

“ನೆಟ್ಟಿದಾರಾ?”

“ಫೈಲಲ್ಲಿ ನೆಟ್ಟಿದಾರೆ. ತಂತಿಗೆ ಅದು ಗೊತ್ತಾಗಿಲ್ಲ ಸಾರ್.”

ಸಾಹೇಬರು ಮೇಜು ಕುಟ್ಟಿ ನಕ್ಕಿದ್ದರು. “ಬರ್ಕೊಳೋ ಇದನ್ನ! ಫೈಲಿನಲ್ಲಿ ನೆಟ್ಟ ಕಂಬಗಳು ರಾಜ್ಯದಲ್ಲಿ ಒಟ್ಟು ಎಷ್ಟು, ನೆಟ್ಟ ಗುತ್ತಿಗೆದಾರ ಯಾರು, ಅವನು ಯಾರ ಭಾಮೈದ. ಎಲ್ಲಾ ಉಪಪ್ರಶ್ನೇಲಿ ಎಳೀತೀನಿ.” ಅಂದು ಬರೆದ ಚುಕ್ಕೆ ಎಂದಿಗಿಂತ ದಪ್ಪಗಿತ್ತು.

ವಾರ ಕಳೆದು ಇಂಧನ ಮಂತ್ರಿ ತಾವೇ ಶಾಸಕರ ಕೊಠಡಿಗೆ ಬಂದರು. ಕಾಫಿ ಕುಡಿದರು, ಮೊಮ್ಮಗಳ ಫೋಟೋ ತೋರಿಸಿದರು. ಆಮೇಲೆ ಮೆತ್ತಗೆ ಶುರು ಮಾಡಿದರು.

“ನಿಮ್ಮ ಸೇತುವೆ ಫೈಲ್ ಒಂಬತ್ತು ವರ್ಷದಿಂದ ಎಲ್ಲಿದೆ ಅಂತ ನನಗೆ ಗೊತ್ತು. ಅದನ್ನ ಈ ವಾರವೇ ಹೊರಡಿಸ್ತೀನಿ. ಆ ಕಂಬದ ಪ್ರಶ್ನೆ ಇದೆಯಲ್ಲ, ವಾಪಸ್ ತಗೊಳ್ಳಿ ಅಂತ ನಾನು ಹೇಳೋದಿಲ್ಲ. ಕೇಳೋದು ನಿಮ್ಮ ಹಕ್ಕು. ಚುಕ್ಕೆ ಒಂದು ತೆಗೀರಿ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು.”

ಮಂತ್ರಿ ಹೋದರು. ಸಾಹೇಬರು, ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ, ಟೈಪಿಸ್ಟನ ಕಡೆ ತಿರುಗಿದರು.

“ನೀನೇನಂತೀಯೋ?”

ರೈಲ್ವೆ ಗೇಟಿನಲ್ಲಿ ಆಂಬುಲೆನ್ಸ್ ನಿಂತಿರುವಾಗಲೇ ಅವನ ಅಪ್ಪನ ಉಸಿರು ನಿಂತಿತ್ತು. ಸಾಹೇಬರಿಗೂ ಅದು ಗೊತ್ತಿತ್ತು.

“ಸೇತುವೆ ದೊಡ್ಡದು ಸಾರ್,” ಎಂದ.

“ಹೂಂ. ಕಂಬ ಮುಂದಿನ ಅಧಿವೇಶನದಲ್ಲಿ ಕೇಳಿದ್ರಾಯ್ತು. ಅಳಿಸು.”

ತಿದ್ದಲೆಂದು ಸದನದ ಕಚೇರಿಯಿಂದ ಹಿಂದಕ್ಕೆ ತಂದ ಹಾಳೆಯಲ್ಲಿ ದಪ್ಪ ಚುಕ್ಕೆ ರಬ್ಬರಿಗೆ ಜಗ್ಗಲಿಲ್ಲ. ಬ್ಲೇಡಿನಿಂದ ಕೆರೆದ. ಕಾಗದ ಅಲ್ಲಿ ಬೆಳಕು ತೂರುವಷ್ಟು ತೆಳುವಾಯಿತು.

ಉತ್ತರದ ಹಾಳೆ ಬಂದ ನಾಲ್ಕು ತಿಂಗಳಿಗೆ ಎತ್ತರದ ಲಾರಿಯೊಂದು ಆ ತಂತಿಯನ್ನು ಎಳೆದು ಹರಿದುಹಾಕಿತು. ಲೈನ್‌ಮನ್ ಜೋಡಿಸಲು ಕಂಬ ಹತ್ತಿದ. ಅವನು ಮೇಲಿರುವಾಗಲೇ ಯಾರೋ ಕರೆಂಟು ಬಿಟ್ಟರು.

ಆಮೇಲೆ ಯಾವ ಅಧಿವೇಶನದಲ್ಲೂ ಸಾಹೇಬರು ಕಂಬದ ಮಾತೆತ್ತಲಿಲ್ಲ. ಎತ್ತಿದ್ದರೆ, ಮೊದಲ ಸಲ ಚುಕ್ಕೆ ತೆಗೆದವರು ಯಾರು ಸ್ವಾಮಿ ಎಂದು ಮಂತ್ರಿಯೇ ಕೇಳುತ್ತಿದ್ದರು. ಬೇರೆ ನೂರು ಪ್ರಶ್ನೆ ಕೇಳಿದರು. ಆದರೆ ಮೇಜು ಕುಟ್ಟಿ ನಗುವುದನ್ನು ಬಿಟ್ಟರು.

ಹೋದ ವಾರ ಆಸ್ಪತ್ರೆಯಲ್ಲಿ ಅವನ ಮಣಿಕಟ್ಟು ಹಿಡಿದು ಕೇಳಿದ್ದರು: “ಆ ಕಂಬ… ನೆಟ್ರೇನೋ?”

“ನೆಟ್ಟಿದಾರೆ ಸಾರ್.”

ಸಾಹೇಬರು ಕಣ್ಣು ಮುಚ್ಚಿದ್ದರು. ಫೈಲೂ ಇಲ್ಲದೆ ಅವನು ನೆಟ್ಟ ಕಂಬ ಅದು.

*

ಮೆರವಣಿಗೆ ಸೇತುವೆ ಹತ್ತಿತು. ಕೆಳಗೆ ರೈಲು ಹಾದುಹೋಯಿತು. ಯಾರೂ ಯಾರಿಗೂ ಕಾಯಬೇಕಾಗಲಿಲ್ಲ. “ಸೇತುವೆ ಸರದಾರರಿಗೆ…” ಎಂದು ಯಾರೋ ಕೂಗಿದರು. ಜನ ಜಯಕಾರ ಹಾಕಿದರು. ಟೈಪಿಸ್ಟ್ ಕಮಾನಿನ ತುದಿಯನ್ನೇ ನೋಡುತ್ತ ನಡೆದ.

ಸೇತುವೆ ಇಳಿದು ಬೀದಿಗೆ ಹೊರಳಿದ್ದೇ ವಾಹನ ಗಕ್ಕನೆ ನಿಂತಿತು. ಕಮಾನಿನ ತುದಿಗೂ ತಂತಿಗೂ ನಡುವೆ ಒಂದು ಗೇಣೂ ಇರಲಿಲ್ಲ.

“ಇದೇನ್ರೀ ಇದು, ತಂತಿನಾ ಬಟ್ಟೆ ಒಣಗಿಸೋ ಹಗ್ಗಾನಾ?” ಡ್ರೈವರ್ ಕಿಟಕಿಯಿಂದ ಕೂಗಿದ. “ಇವ್ರ ಜೊತೆ ನಾನೂ ಹೋಗ್ಬೇಕಾ ಈಗ?”

“ಬಿಚ್ಚೋದಾ ಕಮಾನು?”

“ಬಿಚ್ಬೇಡ್ರೋ, ಟಿ.ವಿ.ಯವ್ರು ಬರ್ತಿದಾರೆ!”

ಲೈನ್‌ಮನ್ನನ ಹೆಂಡತಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. “ಒಂದ್ನಿಮಿಷ ಇರಿ. ನನಗಿದು ದಿನದ ಕೆಲಸ.” ಇಸ್ತ್ರಿ ಅಂಗಡಿಯ ಗೋಡೆಗೆ ಉದ್ದನೆಯ ಒಣ ಕವೆಗೋಲು ಒರಗಿತ್ತು. ಎತ್ತರದ ಗಾಡಿ ಬಂದಾಗಲೆಲ್ಲ ತಂತಿ ಎತ್ತಿಹಿಡಿಯಲು ಅವಳೇ ಕಡಿಸಿ ಇಟ್ಟಿದ್ದ ಕೋಲು. ಕೈ ಹಿಡಿದ ಜಾಗ ಹನ್ನೊಂದು ವರ್ಷದಲ್ಲಿ ಸವೆದು ನುಣ್ಣಗಾಗಿತ್ತು.

ಕೋಲನ್ನು ಎತ್ತಿಕೊಂಡು ಟೈಪಿಸ್ಟನ ಪಕ್ಕ ಹಾಯುವಾಗ ಕೇಳಿದಳು: “ಹಾಳೆ ಇಟ್ರಾ ಸಾರ್?”

ಅವನು ಚೀಲಕ್ಕೆ ಕೈಹಾಕಿ ಹಾಳೆಯನ್ನು ಹೊರತೆಗೆದ.

“ಸಾಹೇಬ್ರು ನಿಮ್ಮ ಬೀದಿ ಹೆಸರು ಸದನದಲ್ಲಿ ಹೇಳ್ಲಿಲ್ಲ ತಾಯಿ.”

ಅವಳು ಅರ್ಥವಾಗದೆ ನೋಡಿದಳು.

“ಚುಕ್ಕೆ ಇದ್ರೆ ಮಾತ್ರ ಎದ್ದು ನಿಂತು ಕೇಳೋದು. ಇದಕ್ಕೆ ಚುಕ್ಕೆ ಇತ್ತು. ಸೇತುವೆ ಬೇಕಾದ್ರೆ ಅದನ್ನ ತೆಗೀರಿ ಅಂದ್ರು ಮಂತ್ರಿ. ಅಳಿಸು ಅಂದಿದ್ದು ಸಾಹೇಬ್ರು. ಅಳಿಸಿದ ಕೈ ನಂದು. ನೀನೇನಂತೀಯ ಅಂತ ಅವ್ರು ನನ್ನನ್ನೂ ಒಂದು ಮಾತು ಕೇಳಿದ್ರು. ಬೇಡ ಅಂತ ನಾನು ಹೇಳ್ಲಿಲ್ಲ.”

ಅವಳು ತಿರುಗಿ ಸೇತುವೆಯನ್ನು ನೋಡಿದಳು. ಅದರ ಮೇಲೆ ಜನ ಇನ್ನೂ ಇಳಿದು ಬರುತ್ತಲೇ ಇದ್ದರು. ಹಿಂದಿನಿಂದ ಹಾರನ್ ಮೇಲೆ ಹಾರನ್.

“ನಮ್ಮ ಯಜಮಾನ್ರಿಗೆ ಗೊತ್ತಿತ್ತಾ ಇದು?”

“ಇಲ್ಲ.”

ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ಕವೆಗೋಲನ್ನು ಅದೇ ಕೈಗಿತ್ತಳು.

“ಕವೆ ಸರಿಯಾಗಿ ತಂತಿ ಮಧ್ಯಕ್ಕೆ ಬರ್ಲಿ. ಕಣ್ಣು ಮೇಲೇ ಇರ್ಲಿ. ಅರ್ಧಕ್ಕೆ ಬಿಟ್ರೆ ಕೆಳಗಿದ್ದೋರು ಹೋಗ್ತಾರೆ.”

ಅಷ್ಟು ಹೇಳಿ ಹೋಗಿ ಅಂಗಡಿಯ ಬಾಗಿಲು ತೆಗೆದಳು.

ಅವನು ಎರಡೂ ಕೈಗಳಿಂದ ಕೋಲೆತ್ತಿ ತಂತಿಯನ್ನು ಮೇಲಕ್ಕೆ ದೂಡಿದ. ಅಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕಮಾನು ತಂತಿಯ ಕೆಳಗೆ ಮೆಲ್ಲಗೆ ನುಸುಳಿತು. ಫೋಟೋದ ತೋರುಬೆರಳು ಅವನ ತಲೆಯ ಮೇಲಿಂದ ಹಾದುಹೋಯಿತು. ಹಿಂದೆಯೇ ಕಾರ್ಯಕರ್ತರ ಬಸ್ಸು, ಟಾಪಿನ ಮೇಲೆ ಬಾವುಟ ಹಿಡಿದ ಹತ್ತು ಜನ. ಅದರ ಹಿಂದೆ ಹೂವಿನ ಲಾರಿ. ಅದರ ಹಿಂದೆ ಮೆರವಣಿಗೆಗೆಂದು ತಡೆದು ನಿಲ್ಲಿಸಿದ್ದ ಊರಿನ ಗಾಡಿಗಳೆಲ್ಲ.

“ಹಿಡ್ಕೊಳಿ ಯಜಮಾನ್ರೇ, ಇನ್ನೂ ಇದಾವೆ!” ಯಾರೋ ಕೂಗಿದರು.

ಜಯಕಾರ ತಿರುವಿನಾಚೆ ಸಣ್ಣದಾಗುತ್ತ ಹೋಯಿತು. ಅಂಗಡಿಯೊಳಗೆ ನೀರು ಚಿಮುಕಿಸಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಚುಂಯ್ ಎಂದಿತು. ಎರಡು ಕಂಬಗಳ ಸರಿನಡುವೆ, ತೋಳು ಮೇಲೆತ್ತಿ, ಕಣ್ಣು ತಂತಿಯ ಮೇಲಿಟ್ಟು, ಟೈಪಿಸ್ಟ್ ನಿಂತೇ ಇದ್ದ.