ಇಳಿದು ಬರುವ ಪರಲೋಕ

ಎರಡು ಮೊಳ ಅಗೆಯುವಷ್ಟರಲ್ಲಿ ಗುಂಡಿಯ ತಳದಲ್ಲಿ ನೀರು ಜಿನುಗಿತು. ಎರ್ರಣ್ಣ ಸಲಿಕೆ ನಿಲ್ಲಿಸಿ, ಏರಿಯ ಮೇಲೆ ಕೂತಿದ್ದ ಅತ್ತಿಗೆ ಪಾರಮ್ಮನ ಕಡೆ ನೋಡಿದ.

“ನಿಲ್ಲಿಸಬ್ಯಾಡ, ಅಗಿ” ಅಂದಳು ಪಾರಮ್ಮ.

“ಕಾಲುವಿ ತುಂಬಿ ಹರಿಯಾಕ ಹತ್ತೈತಿ, ಅತ್ತಿಗಿ. ಅಣ್ಣನ್ನ ನೀರಾಗ ಇಡಾಕ ಆಗ್ತೈತೇನು?”

ಅಣ್ಣ ಹುಲುಗಪ್ಪ ಹತ್ತಿರದ ಗುಡಿಸಲಿನಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕ್ರೈಸ್ತನಾದ ಮೇಲೂ ಹೆಸರು ಬದಲಿಸಿಕೊಂಡಿರಲಿಲ್ಲ. ದೇಶನೂರಿನ ಈ ಕಾಲುವೆಯ ತೂಬು ಕಾಯುತ್ತ ಇಪ್ಪತ್ತೆಂಟು ವರ್ಷ ಕಳೆದವನು. ಊರ ಗದ್ದೆಗಳಿಗೆಲ್ಲ ನೀರು ಬಿಟ್ಟವನಿಗೆ ಆರಡಿ ಒಣನೆಲ ಸಿಗಲಿಲ್ಲ. ಇದಕ್ಕಿಂತ ಅನ್ಯಾಯ ಬೇಕೆ?

ಸಿರುಗುಪ್ಪದ ಚರ್ಚಿನಿಂದ ಬಂದಿದ್ದ ಉಪದೇಶಿ ಚಿದಾನಂದಪ್ಪ ಕೊಡೆ ಮಡಚುತ್ತ ಹತ್ತಿರ ಬಂದರು. “ನಾ ಮುಂಜಾನಿನ ಹೇಳಿದ್ನಲ್ಲಮ್ಮ. ನಮ್ಮ ಸಮಾಧಿ ತೋಟದಾಗ ಕುಣಿ ತಯಾರೈತಿ. ಆತ್ಮ ಮ್ಯಾಲ ಹೋತು. ದೇಹ ಎಲ್ಲಿದ್ರೇನು?”

“ಎಲ್ಲಿದ್ರೂ ಒಂದಾ ಆದ್ರ, ಅವತ್ತು ನನ್ನ ಮಗಳಿಗ್ಯಾಕ ಅಲ್ಲಿ ಜಾಗ ಇಲ್ಲಂದ್ರಿ?”



*

ಅರವತ್ತೊಂದನೇ ಇಸವಿಯಲ್ಲಿ ಮಗಳು ಸುವರ್ಣಿ ಎಂಟು ತಿಂಗಳ ಕೂಸು. ಬಳ್ಳಾರಿಯಿಂದ ಪಾದ್ರಿಗಳು ಬರುವ ಭಾನುವಾರಕ್ಕೆ ದೀಕ್ಷಾಸ್ನಾನ ಗೊತ್ತಾಗಿತ್ತು. ಶುಕ್ರವಾರವೇ ವಾಂತಿಭೇದಿಯಾಗಿ ಕೂಸು ಹೋಯಿತು. ದೀಕ್ಷೆಯಿಲ್ಲದ ಕೂಸಿಗೆ ಸಮಾಧಿ ತೋಟದಲ್ಲಿ ಜಾಗವಿಲ್ಲ, ಅದು ಪರಲೋಕಕ್ಕೆ ಹೋಯಿತೆಂದೂ ಹೇಳಲಾರೆ ಅಂದಿದ್ದರು ಆಗಿನ್ನೂ ಹರೆಯದ ಚಿದಾನಂದಪ್ಪ. ಹುಲುಗಪ್ಪ ಕೂಸನ್ನು ತೂಬಿನ ಪಕ್ಕದಲ್ಲಿ ಹೂತು, ಮೇಲೊಂದು ಗುಂಡುಕಲ್ಲು ಇಟ್ಟ.

ಆಮೇಲೆ ಅವನಿಗೆ ಬೈಬಲ್ ಓದುವ ಹುಚ್ಚು ಹಿಡಿಯಿತು. ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಿದ್ದ. ಕೊನೆಯ ಹಾಳೆ ಮುಟ್ಟಲು ಒಂಬತ್ತು ವರ್ಷ ಬೇಕಾಯಿತು. ಮುಟ್ಟಿದ ದಿನ ಹೆಂಡತಿಯನ್ನು ಕೂಗಿ ಕರೆದ.

“ಪಾರಿ, ಇಲ್ಲಿ ಕೇಳು. ಹಳೇ ಒಡಂಬಡಿಕ್ಯಾಗ ಆಕಾಶ ದೇವರ ಮನಿ, ಭೂಮಿ ಮನುಷ್ಯಾರಿಗೆ ಕೊಟ್ಟಿದ್ದು. ಸತ್ತೋರು ಮ್ಯಾಲ ಹೋಗಾದು ನನಗೆಲ್ಲೂ ಸಿಗಲಿಲ್ಲ. ಕಡೀ ಹಾಳ್ಯಾಗ ನೋಡಿದ್ರ, ದೇವರ ಪಟ್ಣಾನ ಕೆಳಗ ಇಳಿದು ಬರ್ತೈತಿ!”

“ಬಂದ್ರ?”

“ಮಣ್ಣಾಗಿದ್ದೋರು ಏಳ್ತಾರ. ಸುವರ್ಣಿ ಇಲ್ಲೇ ಏಳ್ತಾಳ. ಕೂಸು, ನಡಿಯಾಕ ಬರಂಗಿಲ್ಲ. ಎತ್ಕಳಾಕ ನಾ ಬಾಜೂಕ ಇರಬೇಕು. ನನ್ನ ಇಲ್ಲೇ ಇಡು.”

ಪಾರಮ್ಮ ಹೂಂ ಅಂದಿದ್ದಳು.

*

ಇನ್ನೆರಡು ಕಡೆ ಅಗೆದರೂ ನೀರೇ. ಮಧ್ಯಾಹ್ನ ದಾಟಿದ ಮೇಲೆ ಹುಲುಗಪ್ಪನ ಶವಪೆಟ್ಟಿಗೆ ಎತ್ತಿನ ಗಾಡಿ ಏರಿತು. ಪಾರಮ್ಮ ಗಾಡಿಯ ಹಿಂದೆ ಸಿರುಗುಪ್ಪದವರೆಗೂ ನಡೆದಳು. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲವೆಂಬ ಸಂಕಟ ಅವಳಿಗೆ ಗಂಡ ಸತ್ತ ಸಂಕಟಕ್ಕಿಂತ ಹೆಚ್ಚಾಗಿತ್ತು.

ಸಮಾಧಿ ತೋಟದಲ್ಲಿ ಎಲ್ಲರ ಕಾಲೂ ಮೂಡಣಕ್ಕೆ. ಕಡೆಯ ದಿನ ಎದ್ದಾಗ ಮುಖ ಮೂಡಣಕ್ಕಿರಬೇಕೆಂಬ ಪದ್ಧತಿ. ಪೆಟ್ಟಿಗೆಗೆ ಹಗ್ಗ ಹಾಕುವಾಗ ಪಾರಮ್ಮ ಅಡ್ಡ ಬಂದಳು.

“ತಿರುಗಿಸ್ರಿ.”

“ಏನಮ್ಮ?” ಅಂದರು ಉಪದೇಶಿ.

“ದೇಶನೂರು ಪಡುವಣಕ್ಕೈತಿ. ಹಿಂಗ ಎದ್ರ ಮಗಳು ಬೆನ್ನ ಹಿಂದಾಗ್ತಾಳ. ಹುಡುಕೋದ್ರಾಗ ಕೂಸು ಅಳ್ತೈತಿ. ತಿರುಗಿಸ್ರಿ.”

ಹಗ್ಗ ಹಿಡಿದವರು ಉಪದೇಶಿಯ ಮುಖ ನೋಡಿದರು. ಚಿದಾನಂದಪ್ಪ ಕೊಡೆ ಕೆಳಗಿಟ್ಟು, ತಾವೇ ಒಂದು ತುದಿ ಹಿಡಿದು ಪೆಟ್ಟಿಗೆ ತಿರುಗಿಸಿದರು.

ಮಣ್ಣು ಮುಚ್ಚಿ, ತಲೆಯ ಕಡೆ ಮರದ ಶಿಲುಬೆ ನೆಟ್ಟರು. ಸಾಲಿನ ಶಿಲುಬೆಗಳೆಲ್ಲ ಗೋರಿಗಳ ಪಡುವಣ ತುದಿಗಿದ್ದವು. ಹುಲುಗಪ್ಪನದೊಂದೇ ಮೂಡಣ ತುದಿಯಲ್ಲಿ, ದೇಶನೂರಿನ ದಾರಿಗೆ ಎದುರಾಗಿ ನಿಂತಿತ್ತು.