ಕಸ್ತೂರಿಯವರ ರಿವರ್ಸ್ ಗೇರು

ನಾನು ಒಂದು ಡ್ರೈವಿಂಗ್ ಸ್ಕೂಲಿನ ಕಾರು. ಕಾರ್ಖಾನೆಯಲ್ಲಿ ಹುಟ್ಟಿದಾಗ ಎಲ್ಲರಂತೆ ನನಗೂ ಮೂರೇ ಪೆಡಲ್‌ಗಳಿದ್ದವು. ಮೊದಲ ಯಜಮಾನರಾದ ಹಲ್ಲಿನ ಡಾಕ್ಟರು ನನ್ನನ್ನು ಮಾರಿದ ಮೇಲೆ ಧಾರವಾಡದಲ್ಲಿ ಡ್ರೈವಿಂಗ್ ಕಲಿಸುವ ದಾವಲ್‌ಸಾಬರು ಕೊಂಡು, ಗ್ಯಾರೇಜಿಗೆ ಒಯ್ದು, ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್, ಒಂದು ಬ್ರೇಕ್ ಕೂರಿಸಿದರು. ಅಂದಿನಿಂದ ಒಬ್ಬರು ಓಡಿಸುವುದು, ಇನ್ನೊಬ್ಬರು ತಡೆಯುವುದು, ಇದೇ ನನ್ನ ಬಾಳಾಯಿತು.

ನನ್ನದು ಸೇಡಿನ ಸ್ವಭಾವ. ಗೇರನ್ನು ಕರಕರ ಎನ್ನಿಸಿದವರನ್ನು ನಾಲ್ಕು ಜನ ನೋಡುವ ಸರ್ಕಲ್ಲಿನಲ್ಲೇ ಆಫ್ ಆಗಿ ನಿಲ್ಲಿಸಿ, ಹಿಂದಿನ ಲಾರಿಯವನಿಂದ ಬೈಸುತ್ತಿದ್ದೆ. ಸ್ಟೀರಿಂಗ್ ಹಿಡಿದ ಕೈಯಿಂದಲೇ ಮನುಷ್ಯರನ್ನು ಓದಬಲ್ಲೆ ಎಂಬ ಜಂಬವೂ ಇತ್ತು.

ಕಸ್ತೂರಿಯವರು ಕಲಿಯಲು ಬಂದ ದಿನ ಆ ಜಂಬದಿಂದಲೇ ತೀರ್ಪು ಕೊಟ್ಟೆ. ನಲವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೀರಿಂಗ್ ಹಿಡಿದರೆ ಕೈ ಗಡಗಡ ನಡುಗುತ್ತಿತ್ತು. ಅಂಜುಬುರುಕಿ ಎಂದುಕೊಂಡೆ. ದಾವಲ್‌ಸಾಬರೂ ಹಾಗೆಯೇ ತಿಳಿದರು.

"ಅಂಜಬ್ಯಾಡ್ರಿ ಅಕ್ಕಾರ, ಎರಡ್ನೇ ಬ್ರೇಕ್ ನನ್ನ ಕಾಲಾಗ ಐತಿ."

"ನಿಮ್ಮ ಕಾಲು ಒಂಚೂರು ಹಿಂದ ಇಟ್ಕೋರಿ ಸಾಹೇಬ್ರ. ನನಗ ಮೊದ್ಲು ರಿವರ್ಸ್ ಕಲಸ್ರಿ."

"ಮುಂದ ಹೋಗೂದು ಬರೂಕಿಂತ ಮೊದ್ಲ ಹಿಂದ? ಕಡೀ ಪುಟದಿಂದ ಪುಸ್ತಕ ಓದಿದಂಗಾತ್ರೀ ಇದು!"

ಕಸ್ತೂರಿಯವರು ನಗಲಿಲ್ಲ. ಮೈದಾನದಲ್ಲಿ ಇಟ್ಟಂಗಿಗಳನ್ನು ಎರಡು ಸಾಲಾಗಿ ಜೋಡಿಸಿ, ನಡುವಿನ ಇಕ್ಕಟ್ಟಿನಲ್ಲಿ ನನ್ನನ್ನು ದಿನವೂ ಹಿಂದಕ್ಕೆ ಬಿಡುತ್ತಿದ್ದರು. ನಾಲ್ಕು ಗೇರು ಮುಂದಕ್ಕಿರುವ ನನ್ನನ್ನು ಹಿಂದಕ್ಕೇ ತೆವಳುವ ಹುಳ ಮಾಡಿಬಿಟ್ಟರಲ್ಲ ಎಂದು ಉರಿದುಹೋದೆ. ಬೇಕೆಂದೇ ಆಫ್ ಆಗುತ್ತಿದ್ದೆ. ಉಳಿದವರಂತೆ ಡ್ಯಾಶ್‌ಬೋರ್ಡಿಗೆ ಗುದ್ದದೆ ಅವರು ಮತ್ತೆ ಕೀಲಿ ತಿರುಗಿಸುತ್ತಿದ್ದರು. ಅದು ನನ್ನನ್ನು ಇನ್ನೂ ಕೆಣಕುತ್ತಿತ್ತು.

ಒಂದು ದಿನ ಮೈದಾನದ ಅಂಚಿಗೆ ಕೆಂಪು ಕಾರೊಂದು ಬಂದು ನಿಂತಿತು. ಇಳಿದವನು ಕಸ್ತೂರಿಯವರ ಮೈದುನ ಚನ್ನವೀರ. ಎಂಥ ಮರ್ಯಾದಸ್ಥ! ಎಲ್ಲರಿಗೂ ಕೈಮುಗಿದ, ದಾವಲ್‌ಸಾಬರಿಗೆ ಚಹಾ ತರಿಸಿದ, ನನ್ನ ಬಾನೆಟ್ಟನ್ನು ಮಗುವಿನ ಬೆನ್ನಿನಂತೆ ಮೆಲ್ಲಗೆ ತಟ್ಟಿದ. ನೋಡಿದ ಕೂಡಲೇ ನನಗೆ ಹಿಡಿಸಿದ.

"ವೈನಿ, ಈ ವಯಸ್ಸಿನಾಗ ಯಾಕ ಈ ಸರ್ಕಸ್ಸು? ಎಲ್ಲಿಗರ ಹೋಗೂದಿದ್ರ ಹೇಳ್ರಿ, ನಾ ಬಿಟ್ಟು ಬರ್ತೀನಿ."

"ನನ್ನ ಗಾಡಿ ನನ್ನ ಮನಿಗೆ ತಂದು ಬಿಡು ಅಂತ ಎಷ್ಟು ಸಲ ಹೇಳೀನಿ, ಚನ್ನವೀರ?"

"ಹೊಡ್ಯಾಕ ಬರದವ್ರ ಮನ್ಯಾಗ ಗಾಡಿ ನಿಂತ್ರ ಇಲಿ ವೈರ್ ಕಡೀತಾವ್ರಿ. ನಮ್ಮ ಸಂದ್ಯಾಗಿಂದ ಹಿಂದಕ್ಕ ತಗಿಯೂದು ನನಗ ಬೆವರು ಬಿಡಸ್ತದ. ನೀವು ಒಂದಿನ ಹೊರಗ ತಗದು ತೋರಸ್ರಿ, ಆವತ್ತೇ ಒಯ್ರಿ. ನಾ ಬ್ಯಾಡಂತೀನೇನು?"

ಜೋರಾಗಿ ನಕ್ಕು ಹೊರಟುಹೋದ. ಕೆಂಪು ಕಾರು ಗಂಡ ಕಸ್ತೂರಿಯವರ ಹೆಸರಿಗೇ ಕೊಂಡದ್ದು. ದಿನಕರ್ಮ ಮುಗಿಯುತ್ತಲೇ 'ನಿಂತು ಕೆಡಬಾರದು' ಎಂದು ಒಯ್ದ ಚನ್ನವೀರ ಮರಳಿಸಿರಲಿಲ್ಲ. ಇದನ್ನು ಕಸ್ತೂರಿಯವರು ಹೇಳಿದಾಗ ದಾವಲ್‌ಸಾಬರು ಎದ್ದು ಹೋಗಿ ಇಟ್ಟಂಗಿಯ ಸಾಲುಗಳನ್ನು ಇನ್ನೊಂದು ಗೇಣು ಹತ್ತಿರಕ್ಕೆ ಸರಿಸಿದರು.

ಕಸ್ತೂರಿಯವರ ಕೈ ಮತ್ತೆ ನಡುಗುತ್ತಿತ್ತು. ಈ ಸಲ ನಾನು ಸರಿಯಾಗಿ ಗಮನಿಸಿದೆ. ಹೆದರಿದವರ ಅಂಗೈ ಬೆವರುತ್ತದೆ. ಎಷ್ಟೋ ಜನರ ಬೆವರಿಗೆ ನನ್ನ ಸ್ಟೀರಿಂಗ್ ಕವರೇ ಕೊಳೆತಿತ್ತು. ಇವರ ಅಂಗೈ ಒಣಗಿತ್ತು, ಕಾದಿತ್ತು. ಅದು ಸಿಟ್ಟಿನ ನಡುಕ. ಒಂದೇ ಲಕ್ಷಣ ನೋಡಿ ರೋಗದ ಹೆಸರು ಹೇಳುವ ಅವಸರದ ವೈದ್ಯನಾಗಿದ್ದೆ ನಾನು. ಆ ಮೇಲೆ ಅವರ ಕೈಯಲ್ಲಿ ಒಮ್ಮೆಯೂ ಆಫ್ ಆಗಲಿಲ್ಲ.

ಲೈಸೆನ್ಸ್ ಕೈಗೆ ಬಂದ ಮೇಲೂ ಅವರು ಇನ್ನೊಂದು ಕ್ಲಾಸ್ ಕೇಳಿದರು. ಆ ಬೆಳಿಗ್ಗೆ ದಾವಲ್‌ಸಾಬರನ್ನು ಪಕ್ಕಕ್ಕೆ ಕೂರಿಸಿಕೊಂಡು ತಾವೇ ಓಡಿಸಿ, ಚನ್ನವೀರನ ಮನೆಯ ಸಂದಿಯ ಎದುರು, ಬೀದಿಯ ಆಚೆ ಬದಿಗೆ ನನ್ನನ್ನು ನಿಲ್ಲಿಸಿದರು. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಗಟಾರ, ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಕೆಂಪು ಕಾರು. ತಮ್ಮ ಬಳಿ ಉಳಿದಿದ್ದ ಎರಡನೆಯ ಕೀಲಿ ತೆಗೆದು, ಅದರೊಳಗೆ ಕುಳಿತು, ಚಾಲೂ ಮಾಡಿದರು.

ಸದ್ದಿಗೆ ಚನ್ನವೀರ ಓಡಿಬಂದ. ಅರ್ಧ ಗಲ್ಲ ಬೋಳಾಗಿತ್ತು, ಇನ್ನರ್ಧ ಸೋಪಿನ ನೊರೆ. ಕಾರಿನ ಹಿಂದೆ ಎರಡೂ ಕೈ ಅಗಲಿಸಿ ನಿಂತ.

"ವೈನಿ, ಗಟಾರಕ್ಕ ಹಾಕ್ತೀರಿ! ನಿಲ್ರಿ!"

ಕಸ್ತೂರಿಯವರು ಹಾರ್ನ್ ಹೊಡೆದರು. ಕಾರು ಒಂದು ಮಾರು ಹಿಂದೆ ಬಂತು. ಅವನೂ ಒಂದು ಮಾರು ಹಿಂದೆ ಸರಿದ. ಮತ್ತೆ ಹಾರ್ನ್. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಹೀಗೆ ಹಿಂದುಹಿಂದಕ್ಕೆ ನಡೆಸಿಕೊಂಡೇ ಅವನನ್ನು ಬೀದಿಗೆ ತಂದರು. ಬಾಗಿಲುಗಳೆಲ್ಲ ತೆರೆದವು. ಎದುರು ಮನೆಯ ಅಜ್ಜಿ ಕೂಗಿ ಹೇಳಿದಳು:

"ಚನ್ನವೀರಾ, ರಿವರ್ಸ್ ಭಾಳ ಚಂದ ಹೊಡ್ಯಾಕತ್ತೀ ನೋಡಪಾ!"

ಅವನ ಬೆನ್ನು ನನಗೆ ಬಡಿಯಿತು. ಆಸರೆಗೆಂದು ಬಾನೆಟ್ಟಿನ ಮೇಲೆ ಕೈಯೂರಿ, ಚುರ್ ಎಂದು ಕಿತ್ತುಕೊಂಡ. ಊರ ಆ ತುದಿಯಿಂದ ಬಂದು ನಾನೂ ಚೆನ್ನಾಗಿಯೇ ಕಾದಿದ್ದೆ. ಆ ಸೇಡಿನಲ್ಲಿ ಇಷ್ಟು ಪಾಲಾದರೂ ನನಗೆ ಸಂದಿತು.

ಕಸ್ತೂರಿಯವರು ಗಾಜು ಇಳಿಸಿದರು. "ಹೊರಗ ತಗದು ತೋರಸೀನಿಲ್ಲೋ? ಇನ್ನ ನಮ್ಮನಿಗೆ ಯಾವಾಗರ ಬಾ. ನಡಕೋತ ಬಾ."

ಈಗ ನಾನು ಗುಜರಿ ಅಂಗಳದ ಮೂಲೆಯಲ್ಲಿದ್ದೇನೆ. ಎಂಜಿನ್ ಹೋಗಿದೆ, ಚಕ್ರ ಹೋಗಿವೆ. ಕ್ಷಮೆ ದೊಡ್ಡದು ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಲೋಹಕ್ಕೆ ಆ ವಿದ್ಯೆ ಬರುವುದಿಲ್ಲ. ಬಗ್ಗಿಸಿದ ಪ್ರತಿ ಸಲವೂ ಒಳಗಿನ ಬಿರುಕು ಕೂದಲೆಳೆಯಷ್ಟು ಬೆಳೆಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಕೊನೆಗೊಂದು ದಿನ ಮುರಿದಾಗ, ನೋಡಿದವರು ಇದ್ದಕ್ಕಿದ್ದಂತೆ ಮುರಿಯಿತು ಎನ್ನುತ್ತಾರೆ. ಇದ್ದಕ್ಕಿದ್ದಂತೆ ಯಾವುದೂ ಮುರಿಯುವುದಿಲ್ಲ.