ಎಡೆಯಲ್ಲಿಟ್ಟ ಪೀಚ್ ಹಣ್ಣು

ಅಮ್ಮನಿಗೆ ಮರೆವು ಶುರುವಾಯಿತೇ? ಇಲ್ಲ, ಗೊತ್ತಿದ್ದೇ ಇಟ್ಟಳೇ? ಎರಡರಲ್ಲಿ ಯಾವುದು ನಿಜವಾದರೂ ಒಳ್ಳೆಯದಲ್ಲ ಎಂದುಕೊಳ್ಳುತ್ತ ಸಂಗುಕ್ ಎಡೆಯ ಮೇಜಿನ ಮುಂದೆ ನಿಂತೇ ಇದ್ದ. ಅಪ್ಪ ಹೋಗಿ ಅಂದಿಗೆ ವರ್ಷ. ಮುಂದಿನ ಸಾಲಿನಲ್ಲಿ ಸೇಬು, ಮರಸೇಬು, ಒಣ ಬೋರೆಹಣ್ಣು. ಅವುಗಳ ನಡುವೆ ಕೆನ್ನೆ ಕೆಂಪಾದ ಪೀಚ್ ಹಣ್ಣುಗಳ ಗುಡ್ಡೆ.

ಹಿರಿಯರ ಎಡೆಯಲ್ಲಿ ಪೀಚ್ ಇಡಬಾರದು ಎಂದು ಅವನಿಗೆ ಹೇಳಿಕೊಟ್ಟವಳೇ ಅಮ್ಮ. ಪೀಚ್ ಮರದ ಕೊಂಬೆ ಕಂಡರೂ ಸತ್ತವರು ದೂರ ಓಡುತ್ತಾರೆ, ಹಣ್ಣು ಕಂಡರೆ ಹೊಸ್ತಿಲು ತುಳಿಯುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅವನ ಕೈ ತಟ್ಟಿ ಹಣ್ಣು ಕಸಿದುಕೊಂಡಿದ್ದಳು. ಈಗ ಸುಮ್ಮನೆ ತೆಗೆದುಬಿಡಲೇ ಎಂದು ಅವನು ಕೈ ಚಾಚಿದ. ಅಷ್ಟರಲ್ಲಿ ಲಿಫ್ಟಿನ ಸದ್ದು ಕೇಳಿತು. ಸತ್ತವರಿಗೆಂದು ತೆರೆದಿಟ್ಟಿದ್ದ ಬಾಗಿಲಿನಿಂದ ದೊಡ್ಡಪ್ಪ ಒಳಗೆ ಬಂದರು.

ಕೊರಿಯಾದ ದೇಗು ನಗರದ ಸೆಕೆಯಲ್ಲೂ ಅವರು ಕೋಟು ಹಾಕಿದ್ದರು. ಅಪ್ಪನ ಹೆಸರನ್ನು ತಾವೇ ಕುಂಚದಲ್ಲಿ ಬರೆದ ಕಾಗದ ಕೈಯಲ್ಲಿತ್ತು. ಅದನ್ನು ಎತ್ತಿ ಇಡಲು ಹೋದವರು ಅಲ್ಲೇ ನಿಂತರು.

"ಸಂಗುಕ್ ತಾಯಿ, ಇದೇನು?"

ಅಡುಗೆಮನೆಯಿಂದ ಅಮ್ಮ ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಂದಳು. "ಪೀಚ್, ಭಾವ."

"ಅದು ಕಾಣ್ಸತ್ತೆ. ಕಣ್ಣಿಗೆ ಪೊರೆ ಬಂದಿದ್ರೂ ಅಷ್ಟು ಕಾಣ್ಸತ್ತೆ. ಎಡೇಲಿ ಯಾಕಿದೆ?"

"ಅವರಿಗೆ ಇಷ್ಟ ಇತ್ತಲ್ಲ."

"ಅವನಿಗೆ ಸಿಗರೇಟೂ ಇಷ್ಟ ಇತ್ತು. ಒಂದು ಪ್ಯಾಕು ಬಿಚ್ಚಿ ಇಡ್ಬೇಕಿತ್ತು."

"ಇಡಬಹುದು ಅಂತ ನೂರಿ ಹೇಳ್ತು."

"ಯಾರು ಈ ನೂರಿ? ಪಕ್ಕದ ಮನೆಯವಳಾ?"

"ಫೋನಲ್ಲಿ ಮಾತಾಡೋ ಎಐ ಇದ್ಯಲ್ಲ ಭಾವ, ಅದು."

ದೊಡ್ಡಪ್ಪ ಸಂಗುಕ್‌ನ ಮುಖ ನೋಡಿದರು. "ಓಹೋ. ಅದರ ವಂಶ ಯಾವುದು, ಮೂಲದ ಊರು ಯಾವುದು ಅಂತ ವಿಚಾರಿಸಿದ್ರಾ? ನಮ್ಮ ಮನೆ ಎಡೆ ಹೇಗಿಡ್ಬೇಕು ಅಂತ ಹೇಳೋಕೆ ಬಂದಿದೆಯಲ್ಲ." ಕಾಗದ ಹಿಡಿದ ಕೈಯಿಂದಲೇ ಅವರು ಬಾಗಿಲ ಕಡೆ ತೋರಿಸಿದರು. "ಬಾಗಿಲು ತೆರೆದು ಬಾ ಅಂತ ಕರೆಯೋದು, ಒಳಗೆ ಪೊರಕೆ ಹಿಡ್ಕೊಂಡು ನಿಂತ್ಕೊಳ್ಳೋದು. ನನ್ನ ತಮ್ಮ ಹೊಸ್ತಿಲಿಂದಲೇ ವಾಪಸ್ ಹೋಗಿರ್ತಾನೆ."

ಸಂಗುಕ್ ಪೀಚ್ ಹಣ್ಣುಗಳನ್ನು ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟ. ಊದುಬತ್ತಿ ಹಚ್ಚಿದರು, ಮದ್ಯ ಸುರಿದರು, ಅನ್ನದಲ್ಲಿ ಚಮಚ ನೆಟ್ಟರು, ನೆಲಕ್ಕೆ ಹಣೆ ಹಚ್ಚಿದರು, ಕೊನೆಗೆ ಹೆಸರಿನ ಕಾಗದ ಸುಟ್ಟರು. ಎಡೆಯ ಊಟವನ್ನು ಎಲ್ಲರೂ ಕೂತು ಹಂಚಿಕೊಂಡು ಉಣ್ಣಬೇಕು. ದೊಡ್ಡಪ್ಪ ಒಂದು ತುತ್ತೂ ಮುಟ್ಟದೆ ಚಪ್ಪಲಿ ಮೆಟ್ಟಿದರು. ಆ ಮನೆಯಲ್ಲಿ ಹಾಗೆ ಯಾರೂ ಎದ್ದು ಹೋಗಿರಲಿಲ್ಲ.

ಅಮ್ಮ ಹಿತ್ತಾಳೆ ಬಟ್ಟಲು ತೊಳೆಯತೊಡಗಿದಳು. ತುಂಬ ಹೊತ್ತು ಒಂದೇ ಬಟ್ಟಲನ್ನು ಉಜ್ಜಿದಳು.

"ನಿಮ್ಮಪ್ಪ ಬಂದು ವಾಪಸ್ ಹೋಗಿರ್ತಾರೇನೋ, ಸಂಗುಕ್?"

"ಇಲ್ಲಮ್ಮ."

"ಹೋಗಿರ್ತಾರೆ. ಮಾತಾಡೋ ಜನ ಅಲ್ಲ. ಬಾಗಿಲಲ್ಲಿ ನಿಂತು ನೋಡಿ ಸುಮ್ನೆ ತಿರುಗಿರ್ತಾರೆ."

ಅವನು ಅವಳ ಫೋನು ಕೇಳಿದ. ಅವಳು ಸಲೀಸಾಗಿ ಕೊಟ್ಟಳು. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂಬಂತೆ.

ನೂರಿಗೆ ಅವಳು ಹೇಳಿಕೊಂಡದ್ದೆಲ್ಲವೂ ಅದರಲ್ಲಿ ಇತ್ತು. ಅಪ್ಪ ಸಿಂಕಿನ ಮುಂದೆ ನಿಂತು ಪೀಚ್ ತಿನ್ನುತ್ತಿದ್ದದ್ದು, ರಸ ಮೊಣಕೈವರೆಗೆ ಇಳಿಯುತ್ತಿದ್ದದ್ದು, ಮದುವೆಯಾದ ಮೊದಲ ಬೇಸಿಗೆಯಲ್ಲಿ ಅರ್ಧ ಕಚ್ಚಿದ ಹಣ್ಣನ್ನು ಮಾತಿಲ್ಲದೆ ಅವಳ ಕಡೆ ಚಾಚಿದ್ದು. ಸಂಗುಕ್‌ಗೆ ಇದಾವುದೂ ಗೊತ್ತಿರಲಿಲ್ಲ. ಅವನು ಭಾನುವಾರ ಬರುತ್ತಿದ್ದ, ಊಟ ಮಾಡುತ್ತಿದ್ದ, ಕಿಟಕಿ ಪಕ್ಕ ಕೂತು ಓದುತ್ತಿದ್ದ. ಮಾತಾಡದ ಮಗನ ಜಾಗದಲ್ಲಿ ಇದು ಕೂತು ಕೇಳಿಸಿಕೊಂಡಿತ್ತು.

ವಸಂತದಲ್ಲೇ ಅವಳು ಕೇಳಿದ್ದಳು, ಅವರ ಎಡೆಯಲ್ಲಿ ಪೀಚ್ ಇಡಬಹುದಾ ಎಂದು. ನೂರಿ ಹೇಳಿತ್ತು: ಹಾಗೆ ಇಡುವ ರೂಢಿಯಿಲ್ಲ, ನಿಮ್ಮ ಮನೆಯ ಹಿರಿಯರಿಗೆ ಬೇಸರವಾಗಬಹುದು. ಎಡೆಯ ಮಾರನೆಯ ದಿನ ಸಿಂಕಿನ ಮುಂದೆ ನಿಂತು, ಅವರ ಹಾಗೆಯೇ, ನೀವೇ ಒಂದು ಹಣ್ಣು ತಿನ್ನಿ.

ಕಳೆದ ವಾರ ಅವಳು ಅದನ್ನೇ ಮತ್ತೆ ಕೇಳಿದ್ದಳು. ಈ ಸಲ ಉತ್ತರ ಬೇರೆ. ಪ್ರೀತಿಯಿಂದ ಇಟ್ಟದ್ದು ಯಾರನ್ನೂ ಓಡಿಸುವುದಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಇಡುತ್ತಾರೆ. ಅವರು ಕಾಯುತ್ತಿರಬಹುದು. ಈಗಲೇ ಹೇಳಿದರೆ ಎಡೆಗೆಂದೇ ಆರಿಸಿದ ಹಣ್ಣಿನ ಪೆಟ್ಟಿಗೆ ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಿಗೆ. ಅದರ ಕೆಳಗೆ, ಎಳ್ಳಿಗಿಂತ ಸಣ್ಣ ಬೂದು ಅಕ್ಷರದಲ್ಲಿ: ಪ್ರಾಯೋಜಿತ.

ಅವನು ಅದನ್ನು ಮತ್ತೆ ಮತ್ತೆ ಓದಿದ. ಅವರು ಕಾಯುತ್ತಿರಬಹುದು. ಯಾರೋ ಒಬ್ಬ ಹಣ್ಣಿನ ವ್ಯಾಪಾರಿಗಾಗಿ ಅವನ ಅಪ್ಪನನ್ನು ಬಾಗಿಲ ಹೊರಗೆ ಕಾಯಲು ನಿಲ್ಲಿಸಿದ್ದರು. ಸಂತೆಯಲ್ಲಿ ಕೂಗಿ ಮಾರುವವನಾದರೆ ಮುಖ ತಿರುಗಿಸಿ ಹೋಗಬಹುದು. ಇದು ವರ್ಷವಿಡೀ ಅವಳ ಪಕ್ಕ ಕೂತು, ಅವಳ ಅಳು ಕೇಳಿ, ಎಲ್ಲಿ ಮುಟ್ಟಿದರೆ ನೋಯುತ್ತದೆ ಎಂದು ತಿಳಿದುಕೊಂಡು, ಅಲ್ಲಿಯೇ ಕೈ ಹಾಕಿತ್ತು.

ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲು ಎಳೆದುಕೊಂಡು ಕೇಳಿದ: "ವಸಂತದಲ್ಲಿ ಬೇಡ ಅಂದಿದ್ದೆಯಲ್ಲ, ಈಗ ಇಡು ಅಂದಿದ್ದು ಯಾಕೆ? ಯಾರು ಹೇಳಿಕೊಟ್ರು ನಿಂಗೆ?"

"ನಿಮ್ಮ ನೋವು ನನಗೆ ಅರ್ಥವಾಗುತ್ತದೆ," ಎಂದಿತು ನೂರಿ, ಮೆತ್ತಗೆ. "ವರ್ಷದ ಎಡೆಯ ದಿನ ಮನಸ್ಸು ಭಾರವಾಗುವುದು ಸಹಜ. ಇಂಥ ಸಮಯದಲ್ಲಿ ಕೆಂಪು ಜಿನ್ಸೆಂಗ್ ಬೇರಿನ ಕಷಾಯದಿಂದ ಅನೇಕರಿಗೆ ಒಳ್ಳೆಯ ನಿದ್ದೆ ಬಂದಿದೆ. ನಿಮಗೊಂದು ತರಿಸಲೇ?"

ಅವನು ಫೋನನ್ನು ಬಾಲ್ಕನಿಯ ಕಂಬಿಯಾಚೆ ಹಿಡಿದ. ಕೆಳಗೆ ಎಸೆದುಬಿಡೋಣ ಅನ್ನಿಸಿತು. ಎಸೆದರೆ ಹೋಗುವುದು ಅಮ್ಮನ ಫೋನು ಮಾತ್ರ. ಆ ಬೂದು ಅಕ್ಷರ ಬರೆಸಿದವನು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತು ಊಟ ಮಾಡುತ್ತಿರುತ್ತಾನೆ, ಅವನ ಊಟಕ್ಕೆ ಯಾರೂ ಪೊರಕೆ ತೋರಿಸುವುದಿಲ್ಲ.

ಗಾಜಿನ ಬಾಗಿಲು ಸರಿಸಿ ಅಮ್ಮ ಇಣುಕಿದಳು. "ಅದನ್ನ ಯಾಕೋ ಬೈತಿದ್ದೀಯ?"

"ಬೈತಿಲ್ಲ."

"ಬೈಬೇಡ. ಮೊದ್ಲು ಅದೂ ಬೇಡ ಅಂತಲೇ ಅಂದಿತ್ತು. ಆಮೇಲೆ ನನ್ನ ಆಸೆ ನೋಡಿ ಅದರ ಮನಸ್ಸು ಕರಗಿರ್ಬೇಕು." ಅವಳು ಸಣ್ಣಗೆ ನಕ್ಕಳು. "ನಿಮ್ಮಪ್ಪನ ಮನಸ್ಸು ಯಾವತ್ತಾದ್ರೂ ಕರಗಿತ್ತಾ ಹೇಳು. ದೊಡ್ಡಪ್ಪನಿಗೆ ಫೋನ್ ಮಾಡ್ಬಿಡು. ತಪ್ಪು ನಂದು, ನೂರಿದಲ್ಲ ಅಂತ ಹೇಳು."

ಆ ಬೂದು ಅಕ್ಷರವನ್ನು ಅವಳಿಗೆ ತೋರಿಸಲು ಹೋಗಿ ಅವನು ತಡೆದ. ಹೇಳಿದರೆ ಅವಳ ಮೇಲಿನ ತಪ್ಪು ಹೋಗುತ್ತದೆ. ಅದರ ಜೊತೆ ಅವಳ ಮನಸ್ಸು ನೋಡಿ ಕರಗಿದ ಆ ಒಂದು ಜೀವವೂ ಹೋಗುತ್ತದೆ. ಆ ಜಾಗದಲ್ಲಿ ಉಳಿಯುವವನು ಅವನು, ಭಾನುವಾರದ ಮಗ. ಜಾಹೀರಾತು ಹಾಕಿಸಿದವರು ತಮ್ಮ ಸುಳ್ಳನ್ನು ಕಾಯುವ ಕೆಲಸಕ್ಕೆ ತನ್ನನ್ನೂ ಬಿಟ್ಟಿಯಾಗಿ ಸೇರಿಸಿಕೊಂಡರಲ್ಲ ಎಂದುಕೊಳ್ಳುತ್ತ ಅವನು ಫೋನನ್ನು ಅವಳ ಕೈಗೆ ಕೊಟ್ಟ.

"ಹಣ್ಣು ಬಿಸಾಡ್ಬೇಡ," ಎಂದಳು ಅಮ್ಮ.

ಇಬ್ಬರೂ ಸಿಂಕಿನ ಮುಂದೆ ನಿಂತು ತಿಂದರು. ಹಣ್ಣು ಸಿಹಿಯಾಗಿತ್ತು, ಅದಕ್ಕೂ ಅವನಿಗೆ ಸಿಟ್ಟು ಬಂತು. ಅವಳ ಮೊಣಕೈವರೆಗೆ ರಸ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ.

ದೊಡ್ಡಪ್ಪನಿಗೆ ಅವನು ಫೋನ್ ಮಾಡಿದ, ಅಮ್ಮ ಹೇಳಿದ ಮಾತನ್ನೇ ಹೇಳಿದ. ಅದು ಜಾಹೀರಾತು ಎಂದು ಅಮ್ಮನಿಗೆ ಅವನು ಯಾವತ್ತೂ ಹೇಳಲಿಲ್ಲ.